ತಮ್ಮನ ಲಿವರಿನಲ್ಲಿ ಕೊಬ್ಬು ಎಷ್ಟು? ಸೂಜಿ ಚುಚ್ಚದೆ ಅಳೆದ ಒಂದು ಪ್ರಕರಣ

ಅಕ್ಕನಿಗೆ 52 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಜೀವನದಲ್ಲಿ ಒಂದು ತೊಟ್ಟು ಮದ್ಯ ಮುಟ್ಟಿದವರಲ್ಲ, ಆದರೂ ಲಿವರ್ ಸಿರೋಸಿಸ್ ಆಗಿತ್ತು, ಅಂದರೆ ಗಾಯದ ಕಲೆ ತುಂಬಿ ಲಿವರ್ ಗಟ್ಟಿಯಾಗಿತ್ತು. ಕಾರಣ ಫ್ಯಾಟಿ ಲಿವರ್. ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು, ಕಾಲು ಊದುತ್ತಿತ್ತು, ಲಿವರ್ ಎಷ್ಟು ಕೆಟ್ಟಿದೆ ಎಂದು ರಕ್ತಪರೀಕ್ಷೆಯಿಂದ ಹೇಳುವ ಮೆಲ್ಡ್ ಅಂಕ 18ಕ್ಕೆ ಏರಿತ್ತು. ಲಿವರ್ ಕಸಿ ಮಾಡಲೇಬೇಕು ಎಂದು ತೀರ್ಮಾನವಾದಾಗ ಮುಂದೆ ಬಂದವರು ತಮ್ಮ. ಅವರಿಗೆ 39 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ. ರಕ್ತದ ಗುಂಪು ಹೊಂದುತ್ತಿತ್ತು. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಒಡಹುಟ್ಟಿದವರು ಹತ್ತಿರದ ಸಂಬಂಧಿಗಳು, ಹಾಗಾಗಿ ಕಾನೂನಿನ ತೊಡಕೂ ಇರಲಿಲ್ಲ.

“ನಂದೇ ತಗೊಳ್ಳಿ ಡಾಕ್ಟ್ರೇ. ಅಮ್ಮ ಹೋದ ಮೇಲೆ ನನ್ನ ಸಾಕಿದ್ದು ಅಕ್ಕನೇ” ಎಂದು ಅವರು ಮೊದಲ ದಿನವೇ ಹೇಳಿದರು. ಒಪ್ಪಿಗೆಯ ಬಗ್ಗೆ ನಮಗೆ ಯಾವ ಅನುಮಾನವೂ ಇರಲಿಲ್ಲ. ಅನುಮಾನ ಇದ್ದದ್ದು ಅವರ ಲಿವರಿನ ಬಗ್ಗೆ. ತೂಕ 82 ಕೆಜಿ, ಎತ್ತರ 168 ಸೆಂಟಿಮೀಟರ್, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ಅವರ ಪ್ಲಾಸ್ಟಿಕ್ ಕವರಿನಲ್ಲಿ ಊರಿನ ಸ್ಕ್ಯಾನಿಂಗ್ ಸೆಂಟರಿನ ರಿಪೋರ್ಟ್ ಇತ್ತು: “ಗ್ರೇಡ್ 2 ಫ್ಯಾಟಿ ಲಿವರ್”. ಅಕ್ಕನ ಲಿವರನ್ನು ಹಾಳು ಮಾಡಿದ ಕಾಯಿಲೆಯೇ ತಮ್ಮನಲ್ಲೂ ಶುರುವಾಗಿತ್ತು. ಇದು ಆಶ್ಚರ್ಯವೇನಲ್ಲ. ಮನೆಯ ಊಟ ಒಂದೇ, ಜೀನೂ ಹಂಚಿಕೊಂಡದ್ದು. ಲಿವರಿನಲ್ಲಿ ಕೊಬ್ಬು ಸೇರಲು ಕಾರಣವಾಗುವ ಪಿಎನ್‌ಪಿಎಲ್‌ಎ3 ಎಂಬ ಜೀನಿನ ಒಂದು ರೂಪವನ್ನು 2008ರಲ್ಲೇ ಗುರುತಿಸಿದ್ದಾರೆ. ಅದು ಒಂದೇ ಮನೆಯ ಹಲವರಲ್ಲಿ ಕಾಣಿಸುತ್ತದೆ.

ನಾನು ಕಸಿ ತಂಡದಲ್ಲಿ ಸ್ಕ್ಯಾನ್ ಓದುವ ಕೆಲಸ ಮಾಡುತ್ತೇನೆ. ಇವರ ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ. ನನ್ನ ಮುಂದಿದ್ದ ಪ್ರಶ್ನೆ ಒಂದೇ: ಈ ಲಿವರಿನಲ್ಲಿ ಕೊಬ್ಬು ಎಷ್ಟಿದೆ? ಕೇಳಲು ಸುಲಭ. ಆದರೆ ಮುಂದಿನ ವಾರಗಳಲ್ಲಿ ಇದೇ ಪ್ರಶ್ನೆಗೆ ಒಂದೊಂದು ಪರೀಕ್ಷೆ ಒಂದೊಂದು ಉತ್ತರ ಕೊಟ್ಟಿತು. ಯಾವುದೂ ಸುಳ್ಳು ಹೇಳಲಿಲ್ಲ. ಪ್ರತಿಯೊಂದೂ ಅಳೆಯುವ ವಸ್ತುವೇ ಬೇರೆ. ಇದನ್ನು ಬಿಡಿಸಿ ಹೇಳಬೇಕೆಂದೇ ಈ ಬರಹ. ಯಾಕೆಂದರೆ “ಗ್ರೇಡ್ 2” ಎಂಬ ಎರಡು ಪದ ಹಿಡಿದುಕೊಂಡು ರಾತ್ರಿಯೆಲ್ಲಾ ನಿದ್ದೆಗೆಟ್ಟು ಬರುವ ಎಷ್ಟೋ ಜನರನ್ನು ನೋಡುತ್ತಿರುತ್ತೇನೆ.

ಮೊದಲು, ದಾನಿಯ ಲಿವರಿನ ಕೊಬ್ಬು ಯಾಕೆ ಅಷ್ಟು ಮುಖ್ಯ ಅಂತ ಹೇಳಿಬಿಡುತ್ತೇನೆ. ದೊಡ್ಡವರಿಗೆ ಕಸಿ ಮಾಡುವಾಗ ಸಾಮಾನ್ಯವಾಗಿ ದಾನಿಯ ಲಿವರಿನ ಬಲಭಾಗ ತೆಗೆಯುತ್ತಾರೆ. ಎಡಭಾಗ ದಾನಿಗೆ ಉಳಿಯುತ್ತದೆ. ಉಳಿಯುವ ತುಂಡು ಒಟ್ಟು ಲಿವರಿನ 30ರಿಂದ 35 ಶೇಕಡಾಕ್ಕಿಂತ ಕಡಿಮೆ ಆಗಬಾರದು. ಇವರದ್ದು ಲೆಕ್ಕ ಹಾಕಿದರೆ 34 ಶೇಕಡಾ. ಸಾಕು, ಆದರೆ ಜಾಸ್ತಿಯೇನಿಲ್ಲ. ಆ 34ರಲ್ಲಿ ಒಂದು ಪಾಲು ಬರೀ ಕೊಬ್ಬಾದರೆ ನಿಜವಾಗಿ ಕೆಲಸ ಮಾಡುವ ಲಿವರ್ ಇನ್ನೂ ಕಡಿಮೆ. ಕೊಬ್ಬು ತುಂಬಿದ ಲಿವರ್ ಮತ್ತೆ ಬೆಳೆಯುವುದೂ ನಿಧಾನ. ಅಕ್ಕನ ಕಡೆಯಿಂದ ನೋಡಿದರೂ ತೊಂದರೆಯೇ. ಕತ್ತರಿಸಿ, ತಣ್ಣಗಿಟ್ಟು, ಮತ್ತೆ ರಕ್ತ ಹರಿಸಿದಾಗ ಆಗುವ ಪೆಟ್ಟನ್ನು ಕೊಬ್ಬಿನ ಲಿವರ್ ಸರಿಯಾಗಿ ತಡೆದುಕೊಳ್ಳುವುದಿಲ್ಲ. ಅಂದರೆ ಇಲ್ಲಿ ಲೆಕ್ಕ ತಪ್ಪಿದರೆ ಅಪಾಯ ಇಬ್ಬರಿಗೂ.

ಊರಿನ ರಿಪೋರ್ಟಿನಿಂದ ಶುರು ಮಾಡೋಣ. ಎರಡು ವರ್ಷದ ಹಿಂದಿನ ಅಲ್ಟ್ರಾಸೌಂಡ್ ರಿಪೋರ್ಟನ್ನೂ ಅವರು ತಂದಿದ್ದರು. ಅದರಲ್ಲಿ “ಗ್ರೇಡ್ 1” ಎಂದಿತ್ತು.

“ಎರಡು ವರ್ಷದಲ್ಲಿ ಡಬಲ್ ಆಗಿದೆ ಅಲ್ವಾ ಡಾಕ್ಟ್ರೇ?”

ಇಲ್ಲ. ಗ್ರೇಡ್ ಅಂದರೆ ಅಳತೆಯಲ್ಲ, ಕಣ್ಣಂದಾಜು. ಕೊಬ್ಬಿರುವ ಲಿವರ್ ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ ಕಾಣುತ್ತದೆ. ಬಲಗಡೆಯ ಕಿಡ್ನಿಯ ಪಕ್ಕ ಇಟ್ಟು ನೋಡಿದಾಗ ಎಷ್ಟು ಬೆಳ್ಳಗಿದೆ, ಒಳಗಿನ ರಕ್ತನಾಳಗಳ ಅಂಚು ಮಸುಕಾಗಿದೆಯೇ, ಹಿಂದಿನ ವಪೆ (ಡಯಾಫ್ರಮ್) ಕಾಣುತ್ತಿದೆಯೇ, ಇಷ್ಟನ್ನು ನೋಡಿ ಡಾಕ್ಟರ್ 1, 2, 3 ಎಂದು ಬರೆಯುತ್ತಾರೆ. ಯಂತ್ರದಲ್ಲಿ ಚಿತ್ರದ ಹೊಳಪು (ಗೇನ್) ಸ್ವಲ್ಪ ಹೆಚ್ಚು-ಕಡಿಮೆ ಆದರೆ ಗ್ರೇಡ್ ಬದಲಾಗಬಹುದು. ನೋಡುವ ಡಾಕ್ಟರ್ ಬದಲಾದರೂ ಬದಲಾಗಬಹುದು. ಕೊಬ್ಬು 20–30 ಶೇಕಡಾಕ್ಕಿಂತ ಕಡಿಮೆ ಜೀವಕೋಶಗಳಲ್ಲಿ ಇದ್ದರೆ ಅಲ್ಟ್ರಾಸೌಂಡಿಗೆ ಕಾಣಿಸದೇ ಹೋಗುವುದೂ ಉಂಟು. ಹಾಗಂತ ಇದು ಕೆಲಸಕ್ಕೆ ಬಾರದ ಪರೀಕ್ಷೆಯೇನಲ್ಲ. ಅಗ್ಗ, ಎಲ್ಲಾ ಊರಲ್ಲೂ ಸಿಗುತ್ತದೆ, “ಕೊಬ್ಬು ಇದೆ” ಎಂದು ಮೊದಲು ಎಚ್ಚರಿಸುವುದು ಇದೇ. ಎಷ್ಟಿದೆ ಎಂದು ಮಾತ್ರ ಅದನ್ನು ಕೇಳಬಾರದು.

ರಕ್ತದ ಲೆಕ್ಕವನ್ನೂ ಹಾಕಿದೆವು. 2006ರಲ್ಲಿ ಇಟಲಿಯ ಸಂಶೋಧಕರು ಮಾಡಿದ ಫ್ಯಾಟಿ ಲಿವರ್ ಇಂಡೆಕ್ಸ್ ಎಂಬ ಸೂತ್ರವಿದೆ. ರಕ್ತದ ಟ್ರೈಗ್ಲಿಸರೈಡ್, ಜಿಜಿಟಿ ಎಂಬ ಲಿವರ್ ಕಿಣ್ವ, ಬಿಎಂಐ, ಸೊಂಟದ ಸುತ್ತಳತೆ, ಈ ನಾಲ್ಕು ಸಾಕು. 30ಕ್ಕಿಂತ ಕಡಿಮೆ ಬಂದರೆ ಕೊಬ್ಬು ಇರಲಿಕ್ಕಿಲ್ಲ, 60 ದಾಟಿದರೆ ಇರುವ ಸಾಧ್ಯತೆ ಹೆಚ್ಚು. ಇವರದ್ದು 83. ಅದರಿಂದ ನಮಗೆ ಹೊಸದೇನೂ ತಿಳಿಯಲಿಲ್ಲ. ಎಫ್‌ಐಬಿ-4 ಎಂಬ ಇನ್ನೊಂದು ಲೆಕ್ಕದಲ್ಲಿ 0.73 ಬಂತು. 1.3ಕ್ಕಿಂತ ಕಡಿಮೆ ಇದ್ದರೆ ಲಿವರಿನಲ್ಲಿ ಗಟ್ಟಿಯಾದ ಗಾಯದ ಕಲೆ ಇರುವ ಸಾಧ್ಯತೆ ಕಡಿಮೆ. ಈ ಸಂಖ್ಯೆ ನೋಡಿ ನನಗೆ ಸಮಾಧಾನವಾಯಿತು. ಆದರೆ ಎಫ್‌ಐಬಿ-4 ಕೊಬ್ಬಿನ ಅಳತೆಯಲ್ಲ. ಇವೆರಡನ್ನು ಬೆರೆಸಿ ಓದುವವರು ತುಂಬಾ ಜನ ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಆಮೇಲೆ ಫೈಬ್ರೋಸ್ಕ್ಯಾನ್. ಮೂರು ಗಂಟೆ ಏನೂ ತಿನ್ನದೆ ಬರಬೇಕು. ಅಂಗಾತ ಮಲಗಿ ಬಲಗೈಯನ್ನು ತಲೆಯ ಹಿಂದೆ ಇಡಬೇಕು. ಆಗ ಪಕ್ಕೆಲುಬುಗಳ ನಡುವಿನ ಜಾಗ ಬಿಡಿಸಿಕೊಳ್ಳುತ್ತದೆ. ಅಲ್ಲಿ ಜೆಲ್ ಹಚ್ಚಿ ಪ್ರೋಬ್ ಇಟ್ಟು ಒತ್ತಿದರೆ ಚರ್ಮಕ್ಕೆ ಬೆರಳಲ್ಲಿ ತಟ್ಟಿದ ಹಾಗೆ ಒಂದು ಸಣ್ಣ ಪೆಟ್ಟು. ಆ ಪೆಟ್ಟು 50 ಹರ್ಟ್ಸ್‌ನ ಅಲೆ. ಅದು ಲಿವರಿನೊಳಗೆ ಎಷ್ಟು ಬೇಗ ಓಡುತ್ತದೆ ಎಂಬುದರಿಂದ ಲಿವರಿನ ಗಡಸುತನ ಕಿಲೋಪಾಸ್ಕಲ್‌ನಲ್ಲಿ ಸಿಗುತ್ತದೆ. ಅದೇ ಹೊತ್ತಿಗೆ ಪ್ರೋಬ್ ಅಲ್ಟ್ರಾಸೌಂಡನ್ನೂ ಕಳಿಸುತ್ತದೆ. ಕೊಬ್ಬಿನೊಳಗೆ ಹೋದಂತೆ ಅಲ್ಟ್ರಾಸೌಂಡ್ ಬೇಗ ಕ್ಷೀಣಿಸುತ್ತದೆ. ಎಷ್ಟು ಬೇಗ ಕ್ಷೀಣಿಸಿತು ಎಂಬುದೇ ಕ್ಯಾಪ್. ಅದನ್ನು 100ರಿಂದ 400ರವರೆಗೆ, ಪ್ರತಿ ಮೀಟರಿಗೆ ಇಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ. ಕನಿಷ್ಠ ಹತ್ತು ಸಲ ಸರಿಯಾಗಿ ಅಳೆದು ನಡುವಿನ ಸಂಖ್ಯೆ ತೆಗೆದುಕೊಳ್ಳಬೇಕು.

ಇವರ ಗಡಸುತನ 5.4 ಕಿಲೋಪಾಸ್ಕಲ್. 8ಕ್ಕಿಂತ ಕಡಿಮೆ ಇರುವುದರಿಂದ ನಿರಾಳ. ಕ್ಯಾಪ್ ಮಾತ್ರ 318.

ಈಗ 318 ಅಂದರೆ ಏನು? 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಅದರ ಗಡಿಗಳು 248, 268, 280. ಆ ಲೆಕ್ಕದಲ್ಲಿ 318 ಎಂದರೆ ಮೂರನೇ ಹಂತ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜೀವಕೋಶಗಳಲ್ಲಿ ಕೊಬ್ಬು. 2019ರಲ್ಲಿ ಬ್ರಿಟನ್ನಿನ ಆಸ್ಪತ್ರೆಗಳ ಅಧ್ಯಯನ ಕೊಟ್ಟ ಗಡಿಗಳು 302, 331, 337. ಈ ಲೆಕ್ಕದಲ್ಲಿ ಅದೇ 318 ಬರೀ ಮೊದಲ ಹಂತ! ಒಂದೇ ಮನುಷ್ಯ, ಒಂದೇ ಸಂಖ್ಯೆ. ಒಂದು ಪಟ್ಟಿ ಹಿಡಿದರೆ ದಾನ ಮಾಡುವಂತೆಯೇ ಇಲ್ಲ, ಇನ್ನೊಂದು ಹಿಡಿದರೆ ಮುಂದೆ ಯೋಚಿಸಬಹುದು. ವ್ಯತ್ಯಾಸಕ್ಕೆ ಕಾರಣವಿದೆ. ಮೊದಲ ವಿಶ್ಲೇಷಣೆಯಲ್ಲಿ ಹೆಚ್ಚಿನವರು ಹೆಪಟೈಟಿಸ್ ಬಿ ಮತ್ತು ಸಿ ರೋಗಿಗಳು. ಎರಡನೆಯದರಲ್ಲಿ ಇದ್ದವರು ಫ್ಯಾಟಿ ಲಿವರ್ ಶಂಕೆಯಿಂದಲೇ ಬಂದವರು. ಗಡಿ ಯಾರನ್ನು ನೋಡಿ ಎಳೆದದ್ದು ಎಂಬುದರ ಮೇಲೆ ಅರ್ಥ ನಿಂತಿದೆ. ಆದ್ದರಿಂದ ಕ್ಯಾಪ್ ರಿಪೋರ್ಟಿನಲ್ಲಿ “ಎಸ್3”, ಅಂದರೆ ಮೂರನೇ ಹಂತ, ಎಂದು ದಪ್ಪ ಅಕ್ಷರದಲ್ಲಿ ಇದ್ದರೆ ಅದಕ್ಕಿಂತ ಮೇಲಿರುವ ಸಂಖ್ಯೆಯನ್ನೇ ನೋಡಿ ಎಂದು ನಾನು ಹೇಳುತ್ತೇನೆ.

ದಾನಿಗಳಿಗೆ ರಕ್ತನಾಳ ನೋಡಲು ಹೇಗೂ ಸಿಟಿ ಬೇಕು. ಮೊದಲಿಗೆ ಔಷಧಿ ಚುಚ್ಚದೆ ಪ್ಲೇನ್ ಸಿಟಿ ಮಾತ್ರ ತೆಗೆದೆವು. ಸಿಟಿಯಲ್ಲಿ ಸಾಂದ್ರತೆ ಹೇಳುವ ಅಳತೆ ಹೌನ್ಸ್‌ಫೀಲ್ಡ್ ಯೂನಿಟ್. ಕೊಬ್ಬಿಲ್ಲದ ಲಿವರ್ 55ರಿಂದ 65 ಯೂನಿಟ್ ಇರುತ್ತದೆ, ಎಡಗಡೆಯ ಗುಲ್ಮಕ್ಕಿಂತ, ಅಂದರೆ ಸ್ಪ್ಲೀನಿಗಿಂತ ಸ್ವಲ್ಪ ಮೇಲೆ. ಕೊಬ್ಬು ಸೇರಿದಂತೆ ಲಿವರಿನ ಸಂಖ್ಯೆ ಇಳಿಯುತ್ತದೆ. ಇವರ ಲಿವರ್ 42, ಗುಲ್ಮ 50. ವ್ಯತ್ಯಾಸ ಮೈನಸ್ 8. ಪ್ಲಸ್ 5ಕ್ಕಿಂತ ಮೇಲಿದ್ದರೆ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಮೈನಸ್ 10ಕ್ಕಿಂತ ಕೆಳಗಿದ್ದರೆ 30 ಶೇಕಡಾಕ್ಕಿಂತ ಜಾಸ್ತಿ. ಇವರು ನಡುವೆ ಸಿಕ್ಕಿಕೊಂಡರು. ಆ ನಡುವಿನ ಜಾಗದಲ್ಲಿ ಸಿಟಿ ಹೆಚ್ಚೇನೂ ಹೇಳುವುದಿಲ್ಲ. ಬರೀ ಕೊಬ್ಬು ಅಳೆಯಲಿಕ್ಕೆಂದೇ ಯಾರಿಗೂ ಸಿಟಿ ಮಾಡಬಾರದು, ವಿಕಿರಣ ಸುಮ್ನೆ ತಗೊಳ್ಳುವಂಥದ್ದಲ್ಲ.

ಹೀಗೆ ನಾವು ಎಂಆರ್‌ಐಗೆ ಬಂದೆವು. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಕೊಬ್ಬನ್ನು ನಿಜವಾಗಿ ಎಣಿಸುವ ಪರೀಕ್ಷೆ ಇದು.

ನೀರಿನಲ್ಲೂ ಹೈಡ್ರೋಜನ್ ಇದೆ, ಕೊಬ್ಬಿನಲ್ಲೂ ಇದೆ. ಎಂಆರ್‌ಐಯ ಕಾಂತದೊಳಗೆ ಎರಡೂ ಸುತ್ತುತ್ತವೆ, ಆದರೆ ಕೊಬ್ಬಿನದ್ದು ಸ್ವಲ್ಪ ನಿಧಾನ. 1.5 ಟೆಸ್ಲಾ ಯಂತ್ರದಲ್ಲಿ ವ್ಯತ್ಯಾಸ ಸೆಕೆಂಡಿಗೆ ಸುಮಾರು 220 ಸುತ್ತು. ಇಬ್ಬರು ಗರ್ಭಗುಡಿಗೆ ಪ್ರದಕ್ಷಿಣೆ ಹಾಕುತ್ತಿದ್ದು, ಒಬ್ಬರ ನಡಿಗೆ ಚೂರು ಬಿರುಸಾಗಿದ್ದರೆ ಏನಾಗುತ್ತದೆ? ಒಮ್ಮೆ ಇಬ್ಬರೂ ಅಕ್ಕಪಕ್ಕ ಇರುತ್ತಾರೆ, ಇನ್ನೊಮ್ಮೆ ಎದುರುಬದುರು. ಇಲ್ಲೂ ಹಾಗೆಯೇ. ಸುಮಾರು 2.3 ಮಿಲಿಸೆಕೆಂಡಿಗೆ ನೀರಿನ ಸಿಗ್ನಲ್ಲೂ ಕೊಬ್ಬಿನ ಸಿಗ್ನಲ್ಲೂ ಎದುರಾಗಿ ಒಂದನ್ನೊಂದು ಕಳೆಯುತ್ತವೆ, 4.6 ಮಿಲಿಸೆಕೆಂಡಿಗೆ ಒಟ್ಟಾಗಿ ಕೂಡುತ್ತವೆ. ಹೀಗೆ ಬೇರೆ ಬೇರೆ ಹೊತ್ತಿಗೆ ಹಲವು ಚಿತ್ರ ತೆಗೆದರೆ ನೀರೆಷ್ಟು, ಕೊಬ್ಬೆಷ್ಟು ಎಂದು ಬಿಡಿಸಬಹುದು. ಲಿವರಿನಲ್ಲಿ ಕಬ್ಬಿಣದಂಶ ಜಾಸ್ತಿ ಇದ್ದರೆ ಲೆಕ್ಕ ಕೆಡುತ್ತದೆ, ಅದಕ್ಕೂ ತಿದ್ದುಪಡಿ ಸೂತ್ರದಲ್ಲೇ ಇದೆ. ಕೊನೆಗೆ ಸಿಗುವ ಶೇಕಡಾವಾರು ಸಂಖ್ಯೆಗೆ ಪಿಡಿಎಫ್‌ಎಫ್ ಎಂದು ಹೆಸರು. ಚುಚ್ಚುಮದ್ದು ಬೇಡ, ವಿಕಿರಣ ಇಲ್ಲ. ಉಸಿರು ಬಿಗಿಹಿಡಿಯುವುದು ಸುಮಾರು 20 ಸೆಕೆಂಡ್ ಅಷ್ಟೇ.

ಆ 20 ಸೆಕೆಂಡೇ ಇವರಿಗೆ ಕಷ್ಟವಾಯಿತು. ಮೊದಲ ಸಲ ಉಸಿರು ತಪ್ಪಿ ಚಿತ್ರ ಅಲುಗಾಡಿತು. ನಮ್ಮ ಟೆಕ್ನಿಷಿಯನ್ ಅವರನ್ನು ಹೊರಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, “ತಗೊಳ್ಳಿ ಅಣ್ಣ, ಬಿಡಿ, ಈಗ ಹಿಡ್ಕೊಳ್ಳಿ” ಎಂದು ಅಭ್ಯಾಸ ಮಾಡಿಸಿ ಮತ್ತೆ ಒಳಗೆ ಕಳಿಸಿದರು. ಎರಡನೇ ಸಲ ಚಿತ್ರ ಶುದ್ಧವಾಗಿ ಬಂತು. ಈ ತಾಳ್ಮೆ ಇಲ್ಲದಿದ್ದರೆ ಎಷ್ಟು ದುಬಾರಿ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಲಿವರಿನ ಒಂಬತ್ತು ಭಾಗಗಳಲ್ಲಿ ರಕ್ತನಾಳ ತಪ್ಪಿಸಿ ಒಂದೊಂದು ವೃತ್ತ ಹಾಕಿ ಅಳೆದೆ. ಬಲಗಡೆ ಮೇಲ್ಭಾಗದಲ್ಲಿ 18.1, ಎಡಗಡೆ ತುದಿಯಲ್ಲಿ 11.2. ಸರಾಸರಿ 14.6 ಶೇಕಡಾ.

ತಂಡದ ಸಭೆಯಲ್ಲಿ ಒಬ್ಬ ಕಿರಿಯ ಡಾಕ್ಟರ್ ಕೇಳಿದರು: “14.6 ಅಂದ್ರೆ 30ಕ್ಕಿಂತ ಎಷ್ಟೋ ಕಡಿಮೆ ಅಲ್ವಾ ಸರ್? ಮುಂದುವರಿಯಬಹುದಲ್ಲ?” ಬಹಳ ಮುಖ್ಯವಾದ ಪ್ರಶ್ನೆ. ದಾನಿಯ ಲಿವರಿನಲ್ಲಿ ಕೊಬ್ಬು ದಾಟಬಾರದ 30 ಶೇಕಡಾ ಎಂಬ ಗಡಿ ಬಂದಿರುವುದು ಬಯಾಪ್ಸಿಯಿಂದ, ಅಂದರೆ ಸೂಜಿಯಲ್ಲಿ ತೆಗೆದ ಲಿವರಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯಿಂದ. ಬಯಾಪ್ಸಿಯಲ್ಲಿ ಎಣಿಸುವುದು ನೂರು ಜೀವಕೋಶದಲ್ಲಿ ಎಷ್ಟರಲ್ಲಿ ಕೊಬ್ಬಿನ ಹನಿ ಇದೆ ಎಂಬುದನ್ನು. ಒಂದು ಜೀವಕೋಶದೊಳಗೆ ಸಣ್ಣ ಹನಿ ಇದ್ದರೂ ಅದು ಒಂದು ಎಂದೇ ಲೆಕ್ಕ. ಎಂಆರ್‌ಐ ಅಳೆಯುವುದು ಒಟ್ಟು ಸಿಗ್ನಲ್ಲಿನಲ್ಲಿ ಕೊಬ್ಬಿನ ಪಾಲನ್ನು. ಹಾಗಾಗಿ ಎಂಆರ್‌ಐ ಶೇಕಡಾ ಸಾಮಾನ್ಯವಾಗಿ ಬಯಾಪ್ಸಿ ಶೇಕಡಾಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಒಂದು ಹೆಸರಾದ ಅಧ್ಯಯನದಲ್ಲಿ ಬಯಾಪ್ಸಿಯ ಮೂರು ಹಂತಗಳಿಗೆ ಹೊಂದಿದ ಎಂಆರ್‌ಐ ಗಡಿಗಳು 6.4, 17.4, 22.1. ಬಯಾಪ್ಸಿಯಲ್ಲಿ 33 ಶೇಕಡಾ ದಾಟಿದ ಲಿವರ್ ಎಂಆರ್‌ಐಯಲ್ಲಿ ಹತ್ತಿರ ಹತ್ತಿರ 17ರಲ್ಲಿ ಸಿಗುತ್ತದೆ. ನಮ್ಮ ದಾನಿಯ 14.6 ಆ ಗಡಿಯ ಪಕ್ಕದಲ್ಲೇ ಇತ್ತು. ಬಲಭಾಗದ 18.1 ದಾಟಿಯೇ ಬಿಟ್ಟಿತ್ತು. ಮತ್ತು ನಾವು ಅಕ್ಕನಿಗೆ ಕೊಡಬೇಕಿದ್ದದ್ದು ಆ ಬಲಭಾಗವನ್ನೇ.

ಹಾಗಾದರೆ ಬಯಾಪ್ಸಿಯನ್ನೇ ಮಾಡಬಹುದಿತ್ತಲ್ಲ? ಚರ್ಚೆಯಾಯಿತು. ಸೂಜಿಯಲ್ಲಿ ಬರುವ ತುಂಡು ಇಡೀ ಲಿವರಿನ 50,000ದಲ್ಲಿ ಒಂದು ಪಾಲು. ಇವರ ಲಿವರಿನಲ್ಲಿ ಒಂದು ಕಡೆ 11, ಇನ್ನೊಂದು ಕಡೆ 18. ಸೂಜಿ ಎಲ್ಲಿ ಇಳಿಯುತ್ತದೋ ಅದೇ ಉತ್ತರ. ರಕ್ತಸ್ರಾವದ ಅಪಾಯ ಸಣ್ಣದೇ, ಆದರೆ ಇವರು ರೋಗಿಯಲ್ಲ, ಅಕ್ಕನಿಗಾಗಿ ಬಂದಿರುವ ಆರೋಗ್ಯವಂತ. ಗಾಯದ ಕಲೆಯ ಅನುಮಾನ ಇದ್ದಿದ್ದರೆ ನಾನೇ ಬಯಾಪ್ಸಿ ಬೇಕು ಎನ್ನುತ್ತಿದ್ದೆ. ಅಂಥ ಅನುಮಾನ ಇರಲಿಲ್ಲ. ಈಗ ಬೇಡ, ತೂಕ ಇಳಿಸಲಿ, ಮತ್ತೆ ಅಳೆಯೋಣ ಎಂದು ತೀರ್ಮಾನವಾಯಿತು. ಅಕ್ಕನಿಗೆ ಎರಡು-ಮೂರು ತಿಂಗಳು ಕಾಯುವ ಶಕ್ತಿ ಇತ್ತು.

ತಮ್ಮ ಅದನ್ನು ಕೇಳಿ ಕುಗ್ಗಿಹೋದರು. ದಾನಿಯಾಗಲು ತಾನು ನಾಲಾಯಕ್ಕು ಎಂದು ಅವರಿಗೆ ಅನಿಸಿತ್ತು. ಲಿವರಿನ ಕೊಬ್ಬು ದೇಹದಲ್ಲೇ ಬೇಗ ಕರಗುವ ಕೊಬ್ಬು ಎಂದು ಹೇಳಿ ಧೈರ್ಯ ತುಂಬಿದೆವು. ಡಯಟಿಷಿಯನ್ ಅವರ ಊಟವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರು. ಅನ್ನ ಅರ್ಧ, ಜೋಳದ ರೊಟ್ಟಿ ಎರಡು, ಕಾಳು ಪಲ್ಯ ಜಾಸ್ತಿ, ಮೊಟ್ಟೆಯ ಬಿಳಿ. ಸಂಜೆ ಅಂಗಡಿಗೇ ಬರುತ್ತಿದ್ದ ಮಂಡಕ್ಕಿ ಮಿರ್ಚಿ ಮತ್ತು ದಿನವಿಡೀ ಕುಡಿಯುತ್ತಿದ್ದ ಸಿಹಿ ಟೀ ಬಂದ್. ಬೆಳಿಗ್ಗೆ ಒಂದು ಗಂಟೆ ಬಿರುಸು ನಡಿಗೆ. “ಲಿವರ್ ಕ್ಲೀನ್ ಆಗುತ್ತೆ” ಎಂದು ಯಾರೋ ಕೊಟ್ಟಿದ್ದ ಪುಡಿಯನ್ನೂ ನಿಲ್ಲಿಸಿದೆವು. ಏನಿದೆ ಎಂದು ಗೊತ್ತಿಲ್ಲದ ಪುಡಿ ಲಿವರಿಗೇ ಪೆಟ್ಟು ಕೊಡಬಹುದು.

ಐದನೇ ವಾರ ಎಲ್ಲ ಲೆಕ್ಕವೂ ಅಲುಗಾಡಿತು. ಅಕ್ಕನ ಹೊಟ್ಟೆಯ ನೀರಿಗೆ ಸೋಂಕು ತಗುಲಿ ಐಸಿಯುಗೆ ಬಂದರು. ಬೇಗ ಕಸಿ ಮಾಡಬೇಕಾಗಿ ಬಂದರೆ ತಮ್ಮ ಸಿದ್ಧವೇ? ತೂಕ 78 ಕೆಜಿಗೆ ಇಳಿದಿತ್ತು. ಫೈಬ್ರೋಸ್ಕ್ಯಾನ್ ಮಾಡಿದರೆ ಕ್ಯಾಪ್ 291. ಇಳಿದಿದೆ, ಸರಿ. ಆದರೆ ಆ ಇಳಿಕೆಯನ್ನು ನಂಬಿ ಒಬ್ಬ ಮನುಷ್ಯನ ಹೊಟ್ಟೆ ಕೊಯ್ಯಲು ನನಗೆ ಧೈರ್ಯವಿಲ್ಲ. ಕ್ಯಾಪ್ ಒಂದು ಅಳತೆಯಿಂದ ಇನ್ನೊಂದು ಅಳತೆಗೆ ಕೊಬ್ಬು ಬದಲಾಗದೆಯೂ ಹತ್ತಾರು ಅಂಕ ಹೊಯ್ದಾಡುತ್ತದೆ. ಅವತ್ತು ರಾತ್ರಿಯೇ ಕೊಬ್ಬಿನ ಭಾಗ ಮಾತ್ರ ಎಂಆರ್‌ಐ ಮಾಡಿದೆವು. 8.9 ಶೇಕಡಾ. ಅದೇ ಯಂತ್ರ, ಅದೇ ವೃತ್ತಗಳು. ಪಿಡಿಎಫ್‌ಎಫ್‌ನಲ್ಲಿ ಹೊಯ್ದಾಟ ಒಂದೆರಡು ಅಂಕದ ಆಚೀಚೆ ಇರುತ್ತದೆ, ಇಲ್ಲಿ ಐದೂಮುಕ್ಕಾಲು ಅಂಕ ಇಳಿದಿತ್ತು. ಅಂದರೆ ನಿಜವಾಗಿಯೂ ಕರಗಿದೆ. ತೀರಾ ಅನಿವಾರ್ಯವಾದರೆ ಮುಂದುವರಿಯಬಹುದು, ಸಮಯ ಸಿಕ್ಕರೆ ಇನ್ನೂ ಒಳ್ಳೆಯದು ಎಂದು ಬರೆದೆ. ಪುಣ್ಯಕ್ಕೆ ಆಂಟಿಬಯಾಟಿಕ್‌ಗೆ ಅಕ್ಕ ಚೇತರಿಸಿಕೊಂಡರು. ಸಮಯ ಸಿಕ್ಕಿತು.

ಹತ್ತನೇ ವಾರದ ಕೊನೆಗೆ ತೂಕ 74.5 ಕೆಜಿ. ಎಲ್ಲ ಪರೀಕ್ಷೆಗಳನ್ನೂ ಮತ್ತೆ ಮಾಡಿದೆವು. ಪಿಡಿಎಫ್‌ಎಫ್ ಸರಾಸರಿ 5.1, ಬಲಭಾಗದ ಅತಿ ಹೆಚ್ಚು ಜಾಗದಲ್ಲೂ 6.3. ಸಿಟಿಯಲ್ಲಿ ಲಿವರ್ ಗುಲ್ಮಕ್ಕಿಂತ 7 ಮೇಲೆ. ಲಿವರಿನ ಗಾತ್ರವೂ 1,620 ಮಿಲಿಲೀಟರಿನಿಂದ 1,450ಕ್ಕೆ ಇಳಿದಿತ್ತು. ಅಲ್ಟ್ರಾಸೌಂಡ್ ರಿಪೋರ್ಟ್ “ನಾರ್ಮಲ್” ಎಂದಿತು. ಫ್ಯಾಟಿ ಲಿವರ್ ಇಂಡೆಕ್ಸ್ 47, ಹೌದೋ ಅಲ್ಲವೋ ಹೇಳಲಾಗದ ಜಾಗ. ಕ್ಯಾಪ್ 276. ಹಳೆಯ ಪಟ್ಟಿಯಲ್ಲಿ ಅದು ಈಗಲೂ ಎರಡನೇ ಹಂತ, ಬ್ರಿಟನ್ನಿನ ಪಟ್ಟಿಯಲ್ಲಿ ಕೊಬ್ಬೇ ಇಲ್ಲ. ಒಂದೇ ವಾರದಲ್ಲಿ ಒಬ್ಬರ ಮೇಲೆಯೇ ಬಂದ ಈ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬರೀ ಕ್ಯಾಪ್ ಹಿಡಿದು ಕೂತಿದ್ದರೆ ಒಬ್ಬ ಒಳ್ಳೆಯ ದಾನಿಯನ್ನು ವಾಪಸ್ ಕಳಿಸುವ ಸಾಧ್ಯತೆ ಇತ್ತು. ಮೊದಲ ದಿನ ಬ್ರಿಟನ್ನಿನ ಪಟ್ಟಿಯೊಂದನ್ನೇ ನಂಬಿದ್ದರೆ ಕೊಬ್ಬು ತುಂಬಿದ ಲಿವರನ್ನು ಕತ್ತರಿಸುವ ಸಾಧ್ಯತೆಯೂ ಇತ್ತು.

ಆಪರೇಷನ್ ಆಯಿತು. ಟೇಬಲ್ ಮೇಲೆ ತೆಗೆದ ಸಣ್ಣ ಚೂರಿನಲ್ಲಿ ಪೆಥಾಲಜಿಯವರು 8ರಿಂದ 10 ಶೇಕಡಾ ಜೀವಕೋಶಗಳಲ್ಲಿ ಕೊಬ್ಬು ಕಂಡರು. ಎಂಆರ್‌ಐಯ 5.1ಕ್ಕೂ ಇದಕ್ಕೂ ಜಗಳವಿಲ್ಲ.

ಇದನ್ನು ಓದಿ ಎಲ್ಲರೂ ಎಂಆರ್‌ಐ ಮಾಡಿಸಲು ಹೊರಡಬೇಕಾಗಿಲ್ಲ. ದಾನಿಯ ಪ್ರಶ್ನೆ ಬೇರೆ, ನಿಮ್ಮ ಪ್ರಶ್ನೆ ಬೇರೆ. ಹೆಲ್ತ್ ಚೆಕಪ್‌ನಲ್ಲಿ “ಗ್ರೇಡ್ 1” ಎಂದು ಬಂದವರಿಗೆ ಕೊಬ್ಬು 9 ಶೇಕಡಾವೋ 14 ಶೇಕಡಾವೋ ಎಂದು ತಿಳಿದು ಆಗಬೇಕಾದ್ದು ಏನೂ ಇಲ್ಲ. ಅವರು ತಿಳಿಯಬೇಕಾದ್ದು ಲಿವರಿನಲ್ಲಿ ಗಾಯದ ಕಲೆ ಶುರುವಾಗಿದೆಯೇ ಎಂಬುದನ್ನು. ಅದಕ್ಕೆ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಮತ್ತು ವಯಸ್ಸಿನಿಂದ ಸಿಗುವ ಎಫ್‌ಐಬಿ-4 ಮೊದಲು ಸಾಕು. ಅದು 1.3 ದಾಟಿದರೆ ಫೈಬ್ರೋಸ್ಕ್ಯಾನ್, ಅದರಲ್ಲೂ ಕಿಲೋಪಾಸ್ಕಲ್ ಸಂಖ್ಯೆ. ವಯಸ್ಸು 65 ದಾಟಿದವರಿಗೆ ಆ ಗಡಿ 2.0. ಸಕ್ಕರೆ ಕಾಯಿಲೆ ಇರುವವರು ಇದನ್ನು ಮುಂದೂಡಬಾರದು. ಅಕ್ಕನಿಗೆ ಇಷ್ಟು ವರ್ಷ ಸಕ್ಕರೆಗೆ ಮದ್ದು ಸಿಕ್ಕಿತು, ಕಣ್ಣಿನ ಪರೀಕ್ಷೆ ಆಯಿತು, ಕಿಡ್ನಿ ಪರೀಕ್ಷೆ ಆಯಿತು. ಲಿವರನ್ನು ಮಾತ್ರ ಹೊಟ್ಟೆಯಲ್ಲಿ ನೀರು ತುಂಬುವವರೆಗೆ ಯಾರೂ ಕೇಳಲಿಲ್ಲ. ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಇದೇ. ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಅದು ಪ್ರತಿ ತಾಲ್ಲೂಕು ಆಸ್ಪತ್ರೆಯ ಸಕ್ಕರೆ ಕಾಯಿಲೆ ಒಪಿಡಿಯವರೆಗೂ ಇಳಿದು ಬರಬೇಕು.

ಒಂದು ವರ್ಷದ ನಂತರ ತಮ್ಮನ ಲಿವರ್ ಹೆಚ್ಚುಕಡಿಮೆ ಹಳೆಯ ಗಾತ್ರಕ್ಕೆ ಬೆಳೆದಿದೆ. ತೂಕ 76 ಕೆಜಿ, ಎಎಲ್‌ಟಿ 27. ಇನ್ನು ಅವರಿಗೆ ಎಂಆರ್‌ಐ ಬೇಡ, ಅದೇ ಫೈಬ್ರೋಸ್ಕ್ಯಾನ್ ಯಂತ್ರದಲ್ಲಿ ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದು ಬರೆದುಕೊಟ್ಟಿದ್ದೇನೆ. ಅಕ್ಕನನ್ನೂ ಬಿಡುವ ಹಾಗಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಕಸಿ ಮಾಡಿದ ಹೊಸ ಲಿವರಿಗೂ ಮತ್ತೆ ಕೊಬ್ಬು ಸೇರುವುದು ಮಾಮೂಲಿ. ಅವರ ಮುಂದಿನ ಅಳತೆ ಬರುವ ತಿಂಗಳು ಇದೆ.